ಮೂಡಣ ಗೋಡೆಯ ಕೆಳಗೆ ಹಾಸಿದ ಚಾಪೆ

ಬಿಬಾತಕ್ಕ ಜೆನ್ನೆ ಎಂಬ ನಮ್ಮ ಮಣ್ಣಿನ ಮನೆಗಳ ಊರಿಗೆ ಬಂದಳೆಂದರೆ ನೇರವಾಗಿ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಬೀದಿಯಲ್ಲೇ ಗಂಟು ಇಳಿಸಿ, ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಧಾನವಾಗಿ ನಡೆಯುತ್ತಿದ್ದಳು. ಸಂತೆಯಲ್ಲಿ ಹಸು ಕೊಳ್ಳುವವರು ಅದರ ಮೈ ತಡವಿ ನೋಡುವಂತೆ. ಮನೆಯ ಸುತ್ತ ಒಂದು ಸುತ್ತು ಮುಗಿದ ಮೇಲೆಯೇ ಬಾಗಿಲಲ್ಲಿ ನಿಂತು ಸಲಾಮು ಹೇಳುತ್ತಿದ್ದಳು. ಬಾಗಿಲ ಪಕ್ಕದ ಕೋಣೆಯಲ್ಲಿ ಬಾಡಿಗೆಗಿರುವ ನಾನು ಆರು ವರ್ಷದಿಂದ ಇದನ್ನು ಕಣ್ಣಾರೆ ಕಾಣುತ್ತಿದ್ದೇನೆ.

ಮನೆ ಅವಳ ತವರು. ಹುಟ್ಟಿದ್ದು ಇಲ್ಲೇ, ಮೂಡಣ ಕಡೆಯ ಕೋಣೆಯಲ್ಲಿ. ಹದಿನಾರಕ್ಕೆ ಮದುವೆಯಾಗಿ ಮೋಪ್ತಿಗೆ ಹೋದವಳು ಅಲ್ಲಿಯ ದೋಣಿಗಟ್ಟೆಯಲ್ಲಿ ಹೊಗೆ ಹಾಕಿದ ಮೀನು ಮಾರುತ್ತ ನಾಲ್ಕು ಮಕ್ಕಳನ್ನು ದಡ ಸೇರಿಸಿದ್ದಳು. ತಮ್ಮ ದೂರದ ಕರಾವಳಿಯಲ್ಲಿ ದುಡಿಯುತ್ತಿದ್ದ. ಮನೆಯಲ್ಲಿದ್ದವರು ತಮ್ಮನ ಹೆಂಡತಿ ರೊಕಿಯಾ, ಅವಳ ಮೂವರು ಹೆಣ್ಣುಮಕ್ಕಳು, ಬಾಡಿಗೆಗಿದ್ದ ಶಾಲೆಯ ಮೇಷ್ಟ್ರು ನಾನು. ವರ್ಷಕ್ಕೊಮ್ಮೆ, ವಸಂತ ಮುಗಿಯುತ್ತ ಬಂದು ಬಾನಿ ನದಿ ಮೊಣಕಾಲುದ್ದಕ್ಕೆ ಇಳಿದಾಗ, ಮೊದಲ ಮಳೆಗೆ ಇನ್ನೆರಡು ವಾರ ಇರುವಂತೆ, ಬಿಬಾತಕ್ಕ ಬರುತ್ತಿದ್ದಳು. ಮನೆಗೆ ಹೊಸ ಮಣ್ಣು ಮೆತ್ತಿಸಿ, ಅದು ಒಣಗುವವರೆಗೆ ಕಾದು, ಹೊರಡುತ್ತಿದ್ದಳು. ಉಳಿದವರು ಜೆನ್ನೆಗೆ ಬಂದು ದೊಡ್ಡ ಮಸೀದಿ ನೋಡುತ್ತಾರೆ. ಬಿಬಾತಕ್ಕ ನೋಡುತ್ತಿದ್ದದ್ದು ತನ್ನ ನಾಲ್ಕು ಗೋಡೆಗಳನ್ನು.

ಅವಳಿಗೆ ಗೋಡೆಗಳೆಂದರೆ ಭಯ. ಏಳು ವರ್ಷದವಳಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ ಎದುರುಮನೆಯ ಗೆಳತಿಯನ್ನು ಆಟಕ್ಕೆ ಕರೆಯಲು ಹೋಗಿದ್ದಳಂತೆ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದಳು. ಒಳಗಿನಿಂದ ಗೆಳತಿ "ಬಂದೆ" ಎಂದಳು. ಅಷ್ಟರಲ್ಲಿ ಎದುರಿನ ಗೋಡೆ ಇರಲಿಲ್ಲ, ಗೆಳತಿಯೂ ಇರಲಿಲ್ಲ. ದೂಳೂ ಏಳಲಿಲ್ಲ, ಮಣ್ಣು ಅಷ್ಟು ನೆನೆದಿತ್ತು. ಹೊಸ್ತಿಲು ದಾಟಲು ಆಗಲಿಲ್ಲ, ಓಡಿಹೋಗಲೂ ಆಗಲಿಲ್ಲ. ಯಾರೋ ಬಂದು ಎತ್ತಿಕೊಂಡು ಹೋಗುವವರೆಗೆ ಅಲ್ಲೇ ನಿಂತಿದ್ದಳಂತೆ.

"ಮಣ್ಣು ಹೇಳಿ ಬೀಳಲ್ಲ ಮೇಷ್ಟ್ರೇ," ಎಂದಿದ್ದಳು ಒಮ್ಮೆ. "ಮರ ಆದ್ರೆ ಲಟಕ್ ಅನ್ನುತ್ತೆ. ಇದು ಸುಮ್ನೆ ಕೂತುಬಿಡುತ್ತೆ. ಅದೇ ಇದರ ಕೆಟ್ಟ ಬುದ್ಧಿ."

ಜೆನ್ನೆಯಲ್ಲಿ ಪ್ರತಿ ಮನೆಗೂ ಅದರದೇ ಮೇಸ್ತ್ರಿ ಇರುತ್ತಾನೆ. ಮನೆ ತಂದೆಯಿಂದ ಮಗನಿಗೆ ಬಂದಂತೆ ಮೇಸ್ತ್ರಿತನವೂ ಅವರ ವಂಶದಲ್ಲೇ ಇಳಿದು ಬರುತ್ತದೆ. ಬಿಬಾತಕ್ಕನ ತವರು ತೂರೆ ಮನೆತನದ ಈ ಮನೆಗೆ ಪಾಯ ಹಾಕಿದವನು ಈಗಿನ ಮೇಸ್ತ್ರಿ ಬಾಮೊಯ್ ಅಜ್ಜನ ಅಜ್ಜ. ಪಾಯದಲ್ಲಿ ಕಾಳು ಹಾಕಿ, ಯಾರಿಗೂ ಕೇಳಿಸದಂತೆ ಒಂದಿಷ್ಟು ಮಾತು ಹೇಳಿ, ಅದರ ಮೇಲೆ ಮೊದಲ ಇಟ್ಟಿಗೆ ಇಟ್ಟಿದ್ದ. ಗೋಡೆಗಳನ್ನು ಹಿಡಿದು ನಿಲ್ಲಿಸಿರುವುದು ಆ ಮಾತು ಎಂದು ಊರು ನಂಬುತ್ತದೆ. ಆ ವಂಶದವನ ಕೈ ಬಿಟ್ಟು ಬೇರೆ ಮೇಸ್ತ್ರಿಯ ಕೈ ತಾಗಿದರೆ ಏನಾಗುತ್ತದೆ ಎಂದು ಕೇಳಿದರೆ ಯಾರೂ ಪೂರ್ತಿ ಹೇಳುವುದಿಲ್ಲ, ಮಾತು ಬದಲಿಸುತ್ತಾರೆ. ನಾನು ನದಿಯ ಕೆಳಗಿನ ಹುಲ್ಲುಗುಡಿಸಲುಗಳ ಹಳ್ಳಿಯವನು, ನಮ್ಮ ಮನೆತನದಲ್ಲಿ ಮೊದಲು ಕಾಲೇಜು ಕಂಡವನು. ಬಂದ ವರ್ಷ ಇದನ್ನು ಕೇಳಿ ನಕ್ಕಿದ್ದೆ. ಈಗ ನಗುವುದಿಲ್ಲ.

ಈಗ ಹೇಳುವ ಘಟನೆಯ ಹಿಂದಿನ ವರ್ಷ ಬಿಬಾತಕ್ಕನ ಗಂಡ ತೀರಿಕೊಂಡಿದ್ದ. ಗಂಡ ಸತ್ತವಳ ಆಚಾರದಂತೆ ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸ್ತಿಲು ದಾಟುವಂತಿರಲಿಲ್ಲ. ವಸಂತ ಅದರೊಳಗೇ ಕಳೆದುಹೋಯಿತು. ಮಣ್ಣು ಮೆತ್ತುವ ಮೊದಲು ಮನೆಯ ಹಿರಿಯರು, ಗೌರವಕ್ಕೆ ಕೊಟ್ಟು ಅಗಿಯುವ ಕೋಲಾ ಕಾಯಿ ಹತ್ತು ತೆಗೆದುಕೊಂಡು ಹೋಗಿ ಮೇಸ್ತ್ರಿಯನ್ನು ಕರೆಯಬೇಕು. ಯಾರೂ ಹೋಗಲಿಲ್ಲ. ಮೇಸ್ತ್ರಿಯೇ ಬರುತ್ತಾನೆಂದು ರೊಕಿಯಾ ಕಾದಳು. ಕರೆಯುತ್ತಾರೆಂದು ಬಾಮೊಯ್ ಅಜ್ಜ ಕಾದಿರಬೇಕು ಎಂದುಕೊಂಡೆವು. ಮೋಡ ಕಟ್ಟತೊಡಗಿದಾಗ ರೊಕಿಯಾಗೆ ಜೀವ ಕೈಯಲ್ಲಿ ಹಿಡಿದಂತಾಯಿತು. ಅವಳು ಹೊರಗಿನಿಂದ ಬಂದ ಸೊಸೆ. ಅವಳ ಊರಿನಲ್ಲಿ ಯಾವ ಮೇಸ್ತ್ರಿ ಬಿಡುವಾಗಿದ್ದರೂ ಸರಿ. ಪಕ್ಕದ ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಮೇಸ್ತ್ರಿಯನ್ನು ಕರೆದುಬಿಟ್ಟಳು. ಅವನು ಎರಡೇ ದಿನದಲ್ಲಿ ನುಣ್ಣಗೆ ಮೆತ್ತಿಕೊಟ್ಟು ಹೋದ. ಆ ಮಳೆಗಾಲವೂ ಕಳೆಯಿತು.

ಬಿರುಕು ಕಾಣಿಸಿದ್ದು ಜನವರಿಯಲ್ಲಿ, ಮೂಡಣ ಗೋಡೆಯಲ್ಲಿ. ನಮ್ಮಲ್ಲಿ ಬಿರುಗಾಳಿ ಮಳೆ ಬರುವುದೇ ಮೂಡಣದಿಂದ. ಮೊದಲ ಪೆಟ್ಟು ಬೀಳುವುದು ಆ ಗೋಡೆಗೇ. ಮಾಳಿಗೆಯ ಅಂಚಿನಿಂದ ಹೊರಟ ಕೂದಲೆಳೆ ಮಾರ್ಚಿಗೆ ಸೊಂಟದ ಎತ್ತರಕ್ಕೆ ಇಳಿಯಿತು. ಏಪ್ರಿಲ್‌ನಲ್ಲಿ ಆ ಮೇಸ್ತ್ರಿ ಮೆತ್ತಿದ್ದ ಮಣ್ಣು ಹಪ್ಪಳದಂತೆ ಉದುರಿ ಒಳಗಿನ ಇಟ್ಟಿಗೆ ಕಾಣಿಸಿತು. ಅದೇ ಸಮಯಕ್ಕೆ ಬಾಮೊಯ್ ಅಜ್ಜ ನಮಾಜಿಗೆ ಹೋಗುವಾಗ ನಮ್ಮ ಮನೆ ಹತ್ತಿರ ಬಂದರೆ ಬೀದಿಯ ಆಚೆ ಬದಿಗೆ ಸರಿದು, ಮುಖ ತಿರುಗಿಸಿಕೊಂಡು ಹೋಗತೊಡಗಿದ. ಬಾವಿಕಟ್ಟೆಯಲ್ಲಿ ಹೆಂಗಸರು ಪಿಸುಗುಟ್ಟಿದರು: ಅಜ್ಜ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡಿದ್ದಾನೆ. ರೊಕಿಯಾ ಮಕ್ಕಳನ್ನು ಆ ಕೋಣೆಯಿಂದ ಎಬ್ಬಿಸಿ ಅಡುಗೆ ಕೋಣೆಗೆ ಕರೆದುಕೊಂಡು ಹೋದಳು. ಮಾರನೆಯ ದಿನ ಮೋಪ್ತಿಗೆ ಫೋನು ಮಾಡಿದಳು.

ಬಿಬಾತಕ್ಕ ಮೇ ತಿಂಗಳ ಒಂದು ಸೋಮವಾರ, ಸಂತೆಯ ಬಸ್ಸಿನಲ್ಲಿ ಬಂದಳು. ಜೊತೆಗೆ ಯಾಪಿಲೂ ಇದ್ದಳು. ಯಾಪಿಲೂ ಡೋಗೋನ್ ಬೆಟ್ಟದ ಕಡೆಯವಳು, ಮೋಪ್ತಿ ಮಾರುಕಟ್ಟೆಯಲ್ಲಿ ಬಿಬಾತಕ್ಕನ ಪಕ್ಕದ ಚಾಪೆಯಲ್ಲಿ ಒಣ ಈರುಳ್ಳಿ ಉಂಡೆ ಮಾರುವವಳು. ಇಪ್ಪತ್ತು ವರ್ಷದ ಗೆಳೆತನ. ಜೆನ್ನೆಯನ್ನು ನೋಡಿರಲಿಲ್ಲ; ಒಂದು ಮೂಟೆ ಉಂಡೆ ಹೊತ್ತು ಸಂತೆಯ ನೆಪದಲ್ಲಿ ಹೊರಟು ಬಂದಿದ್ದಳು.

"ಇದೇನಾ ನಿನ್ನ ಹಳೇ ಪಟ್ಟಣ?" ಎಂದಳು ಮೂಟೆ ಇಳಿಸುತ್ತ. "ಊರಿಗೆ ಊರೇ ಕೆಸರಿಂದ ಎದ್ದು ನಿಂತಿದೆಯಲ್ಲೇ! ನಮ್ ಕಡೆ ಕೋಳಿಗೂ ಕಲ್ಲಿನ ಗೂಡು ಕಟ್ತೀವಿ."

ಬಿಬಾತಕ್ಕ ನಗಲಿಲ್ಲ. ಆಗಲೇ ಅವಳ ಅಂಗೈ ಗೋಡೆಯ ಮೇಲಿತ್ತು. ಮೂಡಣದ ಮೂಲೆ ತಿರುಗಿ, ಬಿರುಕಿನ ಹತ್ತಿರ ಬಂದಳು. ಬೆರಳು ಒಳಗೆ ಹೋದವು. ಆಮೇಲೆ ಮಣಿಕಟ್ಟಿನವರೆಗೆ ಕೈ ಹೋಯಿತು. ಚೇಳು ಕುಟುಕಿದವಳಂತೆ ಕೈ ಕಿತ್ತುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ರೊಕಿಯಾ ಬಾಗಿಲಲ್ಲಿ ನಿಂತು ಅಳತೊಡಗಿದಳು. "ಬೈದುಬಿಡಿ ಅತ್ತಿಗೆ. ಹೊಡೆದರೂ ಹೊಡೀರಿ. ನಂಗೆ ಗೊತ್ತಾಗ್ಲಿಲ್ಲ. ಮೋಡ ನೋಡಿ ಹೆದರಿಬಿಟ್ಟೆ."

"ಹೆದರೋದು ನಂಗೆ ಹೇಳಿಕೊಡ್ತೀಯಾ?" ಎಂದಳು ಬಿಬಾತಕ್ಕ. "ಮಕ್ಕಳೆಲ್ಲಿ?"

"ಅಡುಗೆ ಕೋಣೇಲಿ."

"ಅಲ್ಲೇ ಇರ್ಲಿ. ಈ ಕೋಣೆ ಹೊಸ್ತಿಲು ಯಾರೂ ದಾಟೋದು ಬೇಡ. ಮೇಷ್ಟ್ರೇ, ನನ್ನ ಜೊತೆ ಬನ್ನಿ. ಅಜ್ಜನ ಮನೆಗೆ ಹೋಗ್ಬೇಕು."

"ಬೋಜೋ ಮನೆಗಾ?" ಯಾಪಿಲೂ ಕಣ್ಣರಳಿಸಿದಳು. "ನಾನೂ ಬರ್ತೀನಿ. ಒಬ್ಬ ಬೋಜೋನ ಬೈದು ಎಷ್ಟು ದಿನ ಆಯ್ತು, ನಾಲಿಗೆ ತುಕ್ಕು ಹಿಡೀತಿದೆ."

ಬಾಮೊಯ್ ಅಜ್ಜನ ಮನೆತನ ಬೋಜೋ, ಮೂಲದಲ್ಲಿ ನದಿಯ ಮೀನುಗಾರರ ಕುಲ. ಬೋಜೋಗಳಿಗೂ ಡೋಗೋನರಿಗೂ ಇರುವ ನಂಟು ಬೇರೆ ಯಾರಲ್ಲೂ ಇಲ್ಲ. ಎಂದೋ ಬರಗಾಲದಲ್ಲಿ ಹಸಿದು ಸಾಯುತ್ತಿದ್ದ ಡೋಗೋನ್ ಮಗುವಿಗೆ ಒಬ್ಬ ಬೋಜೋ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಸುಟ್ಟು ತಿನ್ನಿಸಿದನಂತೆ. ಅಂದಿನಿಂದ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬಹುದು, ಸಿಟ್ಟಾಗುವಂತಿಲ್ಲ. ಒಬ್ಬರು ತಮಗಾಗಿ ಕೇಳಿದ್ದನ್ನು ಇನ್ನೊಬ್ಬರು ಇಲ್ಲವೆನ್ನುವಂತಿಲ್ಲ. ಒಬ್ಬರಿಂದ ಇನ್ನೊಬ್ಬರ ರಕ್ತ ನೆಲಕ್ಕೆ ಬೀಳುವಂತಿಲ್ಲ. ಬಿದ್ದರೆ ಬೀಳಿಸಿದವನ ವಂಶ ಉಳಿಯುವುದಿಲ್ಲ ಎನ್ನುತ್ತಾರೆ.

ಅಜ್ಜನ ಅಂಗಳದಲ್ಲಿ ಮೆತ್ತಲು ಹದಕ್ಕೆ ಬಿಟ್ಟ ಮಣ್ಣಿನ ಗುಂಡಿ ಭತ್ತದ ಹೊಟ್ಟಿನ ಜೊತೆ ಕೊಳೆತು ಗಬ್ಬು ನಾರುತ್ತಿತ್ತು. ಚಪ್ಪರದಡಿ ಕುಳಿತಿದ್ದ ಅಜ್ಜ ನಮ್ಮನ್ನು ಕಂಡು ಮೇಲೇಳಲಿಲ್ಲ.

"ಏನಿದು ವಾಸನೆ? ಮುದುಕ ಮೀನುಮುಳ್ಳು ಬದುಕಿದೆಯೋ, ಸತ್ತು ಕೊಳೀತಿದೆಯೋ?" ಎಂದಳು ಯಾಪಿಲೂ.

ಅಜ್ಜನ ಮುಖ ತಟ್ಟನೆ ಅರಳಿತು. "ಓ! ಬೆಟ್ಟದ ಕೋತಿ ಯಾವಾಗ ಇಳೀತು? ನಮ್ಮಜ್ಜನ ತೊಡೆ ತಿಂದವಳೇ, ಇನ್ನೂ ಹಲ್ಲಲ್ಲಿ ಸಿಕ್ಕೊಂಡಿದೆಯಾ?"

"ಅದೇನು ತೊಡೇನಾ? ಬರೀ ನಾರು! ಇವತ್ತಿಗೂ ನಮಗೆ ಹೊಟ್ಟೆನೋವು."

ಇಷ್ಟೇ ನಗು. ಬಿಬಾತಕ್ಕ ಎಲೆಯಲ್ಲಿ ಸುತ್ತಿದ ಹತ್ತು ಕೋಲಾ ಕಾಯಿಯನ್ನು ಅವನ ಮುಂದಿಟ್ಟು ಮೊಣಕಾಲೂರಿದಳು. ಅಜ್ಜ ಅದನ್ನು ಮುಟ್ಟಲಿಲ್ಲ.

"ದೂರದಿಂದ ಬಂದಿದ್ದೀಯ ಮಗಳೇ. ಗಂಡ ಹೋದ ಸುದ್ದಿ ಕೇಳಿದೆ, ದೇವರು ಅವನಿಗೆ ತಂಪು ಕೊಡ್ಲಿ. ನೀರು ಕುಡಿದು ಹೋಗು. ಇದನ್ನೂ ತಗೊಂಡು ಹೋಗು."

"ತಪ್ಪಾಯ್ತು ಚಿಕ್ಕಪ್ಪ. ನಾನು ಮೂಲೆ ಹಿಡಿದು ಕೂತಿದ್ದೆ. ಇಲ್ಲಾಂದ್ರೆ ನಾನೇ ಬರ್ತಿದ್ದೆ."

"ಆ ಮನೆಗೆ ಈಗ ಬೇರೆ ಮೇಸ್ತ್ರಿ ಇದಾನೆ. ಅವನನ್ನೇ ಕರೀರಿ. ಇನ್ನೊಬ್ಬನ ಮಣ್ಣು ಬಿದ್ದ ಗೋಡೆಗೆ ನಾನು ಕೈ ಇಡಲ್ಲ."

ಯಾರೂ ಕೇಳದ ಮಾತನ್ನು ಬಿಬಾತಕ್ಕ ಕೇಳಿಬಿಟ್ಟಳು. "ಚಿಕ್ಕಪ್ಪ, ನಿಮ್ಮ ಮಾತು ವಾಪಸ್ ತಗೊಂಡ್ರಾ?"

ಅಜ್ಜ ಗುಂಡಿಯ ಕಡೆ ನೋಡುತ್ತ ಕುಳಿತ. ಇಷ್ಟು ಹೊತ್ತೂ ಅವನ ಬಲಗೈ ನಿಲುವಂಗಿಯ ಒಳಗೇ ಇದ್ದುದನ್ನು ನಾನು ಗಮನಿಸಿದೆ. ಆದರೆ ಆಗ ಅದಕ್ಕೊಂದು ಅರ್ಥ ಹೊಳೆಯಲಿಲ್ಲ.

"ಹಾಗಾದ್ರೆ ನಾನು ಕೇಳ್ತೀನಿ," ಎಂದಳು ಯಾಪಿಲೂ. "ಎದ್ದು ಬಾ, ಗೋಡೆ ಸರಿ ಮಾಡು. ಡೋಗೋನ್ ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ."

"ನಿನ್ನ ಮನೆ ಆಗಿದ್ರೆ ಇಲ್ಲ ಅಂತಿರಲಿಲ್ಲ. ಅದು ತೂರೆಯವರ ಮನೆ. ನೀನು ಸಂತೆಗೆ ಬಂದವಳು. ಈರುಳ್ಳಿ ಮಾರ್ಕೊಂಡು ಹೋಗು."

ಯಾಪಿಲೂ "ಹೌದಾ," ಎಂದಳು, ಅಷ್ಟೇ. ಮನೆಗೆ ಬರುವವರೆಗೆ ಮತ್ತೆ ಮಾತಾಡಲಿಲ್ಲ. ಅವಳ ಬಾಯಿ ಸುಮ್ಮನಾದದ್ದೇ ನನಗೆ ದಿಗಿಲು ಹುಟ್ಟಿಸಿತು.

ಮಾರನೆಯ ದಿನ ಮಂಗಳವಾರ. ಬೆಳಿಗ್ಗೆಯಿಂದಲೇ ಗಾಳಿ ಆಡಲಿಲ್ಲ. ಹತ್ತು ಗಂಟೆಗೆ ಆಡುಗಳು ಬೀದಿ ಬಿಟ್ಟು ಗೋಡೆಗಳ ನೆರಳಿಗೆ ಒತ್ತಿಕೊಂಡು ನಿಂತವು. ಶಾಲೆಯಲ್ಲಿ ಮಕ್ಕಳ ಬೆವರು ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಬಿಬಾತಕ್ಕ ಮಾಳಿಗೆಯ ಮೇಲೆ ನಿಂತಿದ್ದಳು. ನಾನು ಮೇಲೆ ಹತ್ತಿದಾಗ ಮೂಡಣಕ್ಕೆ ಕೈ ತೋರಿಸಿದಳು.

ಬಯಲಿನಾಚೆ, ನೆಲ ಮುಗಿಯುವಲ್ಲಿ, ಕಂದು ಬಣ್ಣದ್ದೊಂದು ಪಟ್ಟಿ ಎದ್ದಿತ್ತು. ದೂಳಿನ ಗೋಡೆ, ಅದರ ಹಿಂದೆ ಮಸಿಯಂಥ ಮೋಡ. ಎರಡು ವಾರ ಕಾಯಬೇಕಾಗಿದ್ದ ಮಳೆ ಇವತ್ತೇ ಹೊರಟಿತ್ತು. ಅದು ಊರು ಮುಟ್ಟಲು ಹೆಚ್ಚೆಂದರೆ ಒಂದು ಗಂಟೆ.

"ಮಕ್ಕಳನ್ನ ಕರ್ಕೊಂಡು ಎಲ್ಲರೂ ಮಸೀದಿ ಕಟ್ಟೆಗೆ ಹೋಗೋಣ," ಎಂದೆ.

"ಮನೆ?" ಎಂದಳು ಅವಳು. "ಆ ಗೋಡೆ ಹೋದ್ರೆ ಮಾಳಿಗೆ ಹೋಗುತ್ತೆ. ಮಾಳಿಗೆ ಹೋದ್ರೆ ನಿಮ್ಮ ಕೋಣೆ, ಅಡುಗೆ ಕೋಣೆ, ಎಲ್ಲ ಒಂದರ ಹಿಂದೆ ಒಂದು. ಇವಳೂ ಮಕ್ಕಳೂ ಎಲ್ಲಿ ಇರ್ತಾರೆ ಮಳೆಗಾಲ ಪೂರ್ತಿ?"

ಅಷ್ಟರಲ್ಲಿ ಕೆಳಗೆ ರೊಕಿಯಾ ಕಿರುಚಿದಳು. ಇಬ್ಬರೂ ಓಡಿ ಇಳಿದೆವು. ಮೂಡಣ ಕೋಣೆಯಲ್ಲಿ, ಸರಿಯಾಗಿ ಬಿರುಕಿನ ಕೆಳಗೆ, ಯಾಪಿಲೂ ಚಾಪೆ ಹಾಸಿ ಅಂಗಾತ ಮಲಗಿದ್ದಳು. ತಲೆಗೆ ಈರುಳ್ಳಿ ಮೂಟೆ.

"ಎದ್ದು ಬಾರೇ! ನಿಂಗೇನು ಹುಚ್ಚೇ!" ಬಿಬಾತಕ್ಕ ಬಾಗಿಲಲ್ಲಿ ನಿಂತು ಕೂಗಿದಳು.

"ಯಾಕೆ ಏಳ್ಬೇಕು? ನನ್ನ ಚಾಪೆ, ನನ್ನ ಮೂಟೆ, ನಾನು ಮಲಗೋ ಜಾಗ. ಇವತ್ತಿಂದ ಇದು ನನ್ನ ಮನೆ. ಮೇಷ್ಟ್ರೇ, ಓದಿದವರು ನೀವು, ಸರಿಯಾಗಿ ಹೋಗಿ ಹೇಳಿ ಆ ಮೀನುಮುಳ್ಳಿಗೆ. ಡೋಗೋನ್ ಹೆಂಗಸೊಬ್ಬಳು ತನ್ನ ಮನೆ ಗೋಡೆ ಸರಿ ಮಾಡು ಅಂತಿದ್ದಾಳೆ. ಬರದಿದ್ರೆ ಬೇಡ. ಗೋಡೆ ನನ್ ಮೇಲೆ ಬೀಳ್ಲಿ. ಬೋಜೋನ ಮಾತು ಡೋಗೋನ್ ರಕ್ತ ಕುಡೀತು ಅಂತ ಊರು ನೋಡ್ಲಿ."

ಮಾತು ಕೊಬ್ಬಿನದಾಗಿತ್ತು. ಆದರೆ ಅವಳು ಮೂಟೆಯನ್ನು ಬಿಗಿಯಾಗಿ ಅವುಚಿ ಹಿಡಿದಿದ್ದಳು. ಅವಳ ತಲೆಯ ಮೇಲೆ ಬಿರುಕಿನಿಂದ ಒಂದಿಷ್ಟು ಮಣ್ಣು ಸರಸರನೆ ಉದುರಿತು.

ನಾನು ಓಡಿದೆ. ಬೀದಿಗಳಲ್ಲಿ ಜನ ಬಟ್ಟೆ, ಧಾನ್ಯ, ಕೋಳಿ ಎಳೆದುಕೊಂಡು ಒಳಗೆ ಸೇರುತ್ತಿದ್ದರು. ಬಾಮೊಯ್ ಅಜ್ಜ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದ. ಏದುಸಿರಿನಲ್ಲಿ ನಾನು ಹೇಳಿ ಮುಗಿಸುವಷ್ಟರಲ್ಲಿ ಅವನು ನನ್ನತ್ತ ತಿರುಗಿದ.

"ಗೋಡೆ ಕೆಳಗಾ? ಮಲಗಿದಾಳಾ?"

"ಹೌದು ಅಜ್ಜ. ಏಳಲ್ಲ ಅಂತಾಳೆ."

"ಯಾ ಅಲ್ಲಾ," ಎಂದವನೇ ಚಪ್ಪಲಿಯನ್ನೂ ಮೆಟ್ಟದೆ ಹೊರಟ. ನನ್ನ ಹೆಗಲು ಹಿಡಿದು ದಾಪುಗಾಲು ಹಾಕುತ್ತಿದ್ದ. ಹೆಗಲ ಮೇಲೆ ಏನೋ ಪಟಪಟನೆ ಬಡಿದಂತಾಗಿ ತಿರುಗಿ ನೋಡಿದೆ. ಅವನ ಬಲಗೈ. ಬಲೆಗೆ ಬಿದ್ದ ಹಕ್ಕಿಯಂತೆ ಒದ್ದಾಡುತ್ತಿತ್ತು.

"ನೋಡಿದ್ರಲ್ಲ," ಎಂದ. "ಎರಡು ವರ್ಷ ಆಯ್ತು. ಕರಣೆ ಹಿಡಿದ್ರೆ ನಿಲ್ಲಲ್ಲ. ಹೋದ ವರ್ಷ ನಿಮ್ಮನೆಯಿಂದ ಕರೆ ಬರಲಿಲ್ಲ ಅಂದಾಗ ಒಳಗೊಳಗೇ ಸಮಾಧಾನ ಆಯ್ತು ಮೇಷ್ಟ್ರೇ. ಕರೆದಿದ್ರೆ ಊರ ಮುಂದೆ ಈ ಕೈ ತೋರಿಸಬೇಕಿತ್ತು."

"ಮತ್ತೆ ಆ ಮಾತು? ವಾಪಸ್ ತಗೊಂಡಿದ್ದು?"

"ಹೇಳಿದ ಮಾತು ವಾಪಸ್ ಬರುತ್ತಾ? ನಾನೇನೂ ತಗೊಂಡಿಲ್ಲ. ಜನ ಅಂದ್ರು, ನಾನು ಸುಮ್ಮನಿದ್ದೆ. ಕೈ ಹೋಗಿದೆ ಅನ್ನೋದಕ್ಕಿಂತ ಹೆದರಿಕೊಳ್ಳಲಿ ಅಂತ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದ, "ಆ ಮಕ್ಕಳು ಅಡುಗೆ ಕೋಣೇಲಿ ಮಲಗ್ತಾರೆ ಅಂತ ಕೇಳಿದ ಮೇಲಂತೂ ಆ ಮನೆ ಕಡೆ ಮುಖ ಎತ್ತೋಕೇ ಆಗಲಿಲ್ಲ."

ನಾವು ಮುಟ್ಟಿದಾಗ ಬಿಬಾತಕ್ಕ ಬಾಗಿಲಲ್ಲಿ ಇರಲಿಲ್ಲ. ರೊಕಿಯಾ ಒಬ್ಬಳೇ ಕೆನ್ನೆಗೆ ಕೈ ಹಿಡಿದು ನಿಂತಿದ್ದಳು. ನಾನು ಹೋದ ಮೇಲೆ ಬಿಬಾತಕ್ಕ ಬಹಳ ಹೊತ್ತು ಹೊಸ್ತಿಲ ಮೇಲೆ ನಿಂತೇ ಇದ್ದಳಂತೆ, ಕಾಲು ಕಟ್ಟಿಹಾಕಿದಂತೆ. ಗೆಳತಿಯ ಹೆಸರನ್ನು ಕೂಗುತ್ತಿದ್ದಳಂತೆ. ಒಳಗಿನಿಂದ ಯಾಪಿಲೂ "ಬರಲ್ಲ" ಎಂದಳಂತೆ. ಆಗ ಬಿಬಾತಕ್ಕ ಕಣ್ಣು ಮುಚ್ಚಿ ಹೊಸ್ತಿಲು ದಾಟಿದಳಂತೆ. ಒಳಗೆ ಇಣುಕಿದೆ. ಚಾಪೆಯ ಮೇಲೆ ಇಬ್ಬರಿದ್ದರು. ಬಿಬಾತಕ್ಕ ಯಾಪಿಲೂವಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಬೆನ್ನು ಮಾಡಿ ಕುಳಿತಿದ್ದಳು.

"ಏಳು, ತೊಡೆ ತಿಂದವಳೇ," ಎಂದ ಅಜ್ಜ. "ನಿನ್ನ ಮನೆ ಕೆಲಸ ಮಾಡಿಕೊಡ್ತೀನಿ. ಮೊದಲು ಆಚೆ ಬಾ."

"ಆಣೆ?"

"ನಮ್ಮಜ್ಜನ ಆಣೆ. ಬಾ ಹೊರಗೆ, ಮುದುಕನ ಪ್ರಾಣ ತೆಗೀಬೇಡ."

ಇಬ್ಬರೂ ಹೊರಬಂದರು. ಅಜ್ಜ ಗೋಡೆಯ ಹತ್ತಿರ ಹೋಗಿ ಎಡಗೈಯ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿದ. ಹೊರಗೆ ಬೆಳಕು ಹಳದಿಯಾಗಿತ್ತು.

"ಇದು ನಿಲ್ಲಲ್ಲ," ಎಂದ. "ಗಾಳಿ ಹೊಡೆದ್ರೆ ಒಳಗೆ ಬೀಳುತ್ತೆ, ಮಾಳಿಗೇನೂ ಎಳ್ಕೊಂಡು ಹೋಗುತ್ತೆ. ಅದಕ್ಕೂ ಮುಂಚೆ ನಾವೇ ಬೀದಿ ಕಡೆಗೆ ಕೆಡವಬೇಕು. ಮಾಳಿಗೆಗೆ ತೊಲೆ ಕೊಡಿ."

ಅಂಗಳದಲ್ಲಿ ಹಳೆಯ ತಾಳೆ ತೊಲೆಗಳು ಒರಗಿದ್ದವು. ನಾನು, ರೊಕಿಯಾ, ಯಾಪಿಲೂ ಸೇರಿ ಎರಡನ್ನು ಎಳೆದು ತಂದು ಮಾಳಿಗೆಯ ಅಡ್ಡತೊಲೆಗೆ ಕೊಟ್ಟು ನಿಲ್ಲಿಸಿದೆವು. ಬೀದಿಯ ಎರಡೂ ಕಡೆ ನೆರೆಯವರು ನಿಂತು ಯಾರೂ ಹಾಯದಂತೆ ತಡೆದರು. ಅಜ್ಜ ಹಾರೆ ಎತ್ತಿಕೊಂಡ. ಅದು ಅವನ ಕೈಯಲ್ಲಿ ನೆಲಕ್ಕೆ ಬಡಿದುಕೊಂಡಿತು. ನೆರೆಯವರೆಲ್ಲ ನೋಡಿದರು. ಅಜ್ಜ ತಲೆ ತಗ್ಗಿಸಿ ಹಾರೆಯನ್ನು ಬಿಬಾತಕ್ಕನ ಕಡೆ ಚಾಚಿದ.

"ಬೇರೆ ಮೇಸ್ತ್ರಿ ಕೈ ಬೇಡ. ನೀನು ಈ ಮನೇಲಿ ಹುಟ್ಟಿದವಳು. ಕೈ ನಿಂದು, ಮಾತು ನಂದು. ನಾನು ಹೇಳಿದ ಕಡೆ ಹಾಕು."

"ನಾನಾ?" ಎಂದಳು. "ಚಿಕ್ಕಪ್ಪ, ನಾನು ಗೋಡೆ ಅಂದ್ರೆ..."

"ಗೊತ್ತು. ಅವತ್ತು ಎದುರುಮನೆ ಬಾಗಿಲಿಂದ ನಿನ್ನ ಎತ್ತಿಕೊಂಡು ಬಂದಿದ್ದು ನಾನೇ. ಹಾಕು."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಹಾರೆಯನ್ನು ಬಿರುಕಿನಲ್ಲಿ ಇಟ್ಟಳು. ಅಜ್ಜ "ಮೇಲೆ," "ಇನ್ನೂ ಎಡಕ್ಕೆ," "ಈಗ ನೂಕು" ಎನ್ನುತ್ತ, ನಡುನಡುವೆ ತುಟಿಯೊಳಗೇ ಬೇರೇನೋ ಹೇಳುತ್ತಿದ್ದ. ತೊಲೆ ಹಿಡಿದು ನಿಂತ ನಮಗೆ ಮೊದಲು ಗಾಳಿ ಕೇಳಿಸಿತು, ಆಮೇಲೆ ಕತ್ತಲಾಯಿತು. ದೂಳು ಕಣ್ಣು, ಮೂಗು, ಬಾಯಿ ತುಂಬಿತು. ಆ ಅಬ್ಬರದಲ್ಲಿ ಗೋಡೆ ಬಿದ್ದ ಸದ್ದೂ ಕೇಳಲಿಲ್ಲ. ಇದ್ದಕ್ಕಿದ್ದಂತೆ ಕೋಣೆಯೊಳಗಿನಿಂದ ಬೀದಿ ಕಾಣಿಸಿತು, ಅಷ್ಟೇ. ತೊಲೆ ನನ್ನ ಅಂಗೈಯಲ್ಲಿ ಒಮ್ಮೆ ನರಳಿ, ಭಾರ ಹೊತ್ತು ನಿಂತಿತು.

ಮಳೆ ಅರ್ಧ ಗಂಟೆ ಸುರಿಯಿತು. ಅಷ್ಟೂ ಹೊತ್ತು ಯಾರೂ ತೊಲೆ ಬಿಟ್ಟು ಕದಲಲಿಲ್ಲ. ಪ್ರತಿ ಗುಡುಗಿಗೂ ಮಾಳಿಗೆಯಿಂದ ಮಣ್ಣು ಉದುರಿ ಕತ್ತಿನೊಳಗೆ ಇಳಿಯುತ್ತಿತ್ತು. ಅಜ್ಜ ಒಂದು ತೊಲೆಯನ್ನು ಅಪ್ಪಿಕೊಂಡು ನಿಂತಿದ್ದ.

"ನಡುಗ್ತಿರೋದು ತೊಲೇನೋ ನೀನೋ ಹೇಳಯ್ಯಾ ಮುದುಕ, ನಾನು ಓಡಬೇಕೋ ಬೇಡ್ವೋ ಗೊತ್ತಾಗ್ಲಿ," ಎಂದಳು ಯಾಪಿಲೂ. ಯಾರೂ ನಗಲಿಲ್ಲ. ಅಜ್ಜ ಮಾತ್ರ "ನಾನೇ ಕಣೇ, ಕೋತಿ," ಎಂದ.

ಮಾಳಿಗೆ ನಿಂತಿತು. ಒಂದು ಗೋಡೆ ಹೋಯಿತು, ಮನೆ ಉಳಿಯಿತು. ಮಾರನೆಯ ಬೆಳಿಗ್ಗೆ ಅಜ್ಜ ಕೋಲಾ ಕಾಯಿ ಒಡೆದು ಎಲ್ಲರಿಗೂ ಹಂಚಿ, ತಾನೂ ಬಾಯಿಗೆ ಹಾಕಿಕೊಂಡ. ಅದೇ ವಂಶದ, ಮೋಪ್ತಿಯಲ್ಲಿ ಕೆಲಸ ಮಾಡುತ್ತಿದ್ದ ಅವನ ತಮ್ಮನ ಮಗ ಬಂದು ಗೋಡೆ ಎಬ್ಬಿಸಿದ. ಪಾಯದ ದಿನ ಅಜ್ಜ ನಮ್ಮೆಲ್ಲರನ್ನೂ ಮುಖ ತಿರುಗಿಸಿ ನಿಲ್ಲಲು ಹೇಳಿ, ಕಾಳು ಹಾಕಿ, ತನ್ನ ಮಾತನ್ನು ತಮ್ಮನ ಮಗನ ಕಿವಿಗೆ ಹೇಳಿದ. ಮುಂದಿನ ವರ್ಷ ಅಜ್ಜ ತೀರಿಕೊಂಡ. ಯಾಪಿಲೂ ಮೋಪ್ತಿಯಿಂದ ಬಂದು, ಹೆಣ ಎತ್ತುವಾಗಲೂ ಬೈದು, ಆಮೇಲೆ ಮೂರು ದಿನ ಊಟ ಬಿಟ್ಟಳು.

ಬಿಬಾತಕ್ಕ ಈಗಲೂ ವಸಂತದ ಕೊನೆಗೆ ಬರುತ್ತಾಳೆ. ಈಗಲೂ ಗೋಡೆ ತಡವಿಯೇ ಒಳಗೆ ಕಾಲಿಡುವುದು. ಮೂಡಣದಲ್ಲಿ ಮೋಡ ಕಂಡರೆ ಈಗಲೂ ಅವಳ ಮುಖ ಬೂದಿಯಾಗುತ್ತದೆ. ಬದಲಾದದ್ದು ಒಂದೇ. ಊರಲ್ಲಿರುವ ದಿನಗಳಲ್ಲಿ ಅವಳು ಮಲಗುವುದು ಆ ಕೋಣೆಯಲ್ಲಿ, ಹೊಸ ಗೋಡೆಯ ಬುಡಕ್ಕೆ ಚಾಪೆ ಹಾಸಿ. ಈ ವರ್ಷವೂ ಚಾಪೆ ಹಾಸುವ ಮೊದಲು ಬಹಳ ಹೊತ್ತು ಗೋಡೆಗೆ ಅಂಗೈ ಇಟ್ಟು ನಿಂತಿದ್ದಳು.

"ಇಷ್ಟು ವರ್ಷ ಆಯ್ತು. ಇನ್ನೂ ಹೆದರಿಕೆಯಾ?" ಎಂದಳು, ಈ ಸಲ ಜೊತೆಗೆ ಬಂದು ಆಗಲೇ ಗೋಡೆಯ ಬುಡದಲ್ಲಿ ಉರುಳಿದ್ದ ಯಾಪಿಲೂ.

"ಹೂಂ," ಎಂದಳು ಬಿಬಾತಕ್ಕ. "ಸ್ವಲ್ಪ ಆಚೆ ಸರಿ, ನಂಗೂ ಜಾಗ ಬಿಡು."